ಚೊಕ್ಕಕ್ಕನ ಕೆದರಿದ ಮೈದಾನ

ಮೈದಾನದ ಹುಲ್ಲು ನೋಡಿಕೊಳ್ಳುವ ಹೆಂಗಸಿಗೆ ಚೊಕ್ಕಕ್ಕ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆಯೇ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರನ್ನು ಕರೆದರಪ್ಪಾ ಎಂದು ನೋಡುತ್ತಾಳೆ.

ಅವಳು ಆ ಕ್ರೀಡಾ ಸಂಘಕ್ಕೆ ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಹನ್ನೊಂದು ವರ್ಷ ಕಚೇರಿ, ಮೆಟ್ಟಿಲು, ಆಟಗಾರರು ಬಟ್ಟೆ ಬದಲಾಯಿಸುವ ಕೋಣೆಗಳನ್ನು ಕನ್ನಡಿಯ ಹಾಗೆ ಇಟ್ಟಳು. ಒದ್ದೆ ನೆಲದ ಮೇಲೆ ಬೂಟುಗಾಲಿಟ್ಟವರು ಅಧ್ಯಕ್ಷರೇ ಆಗಿರಲಿ, ಅವಳ ಒಂದು ನೋಟಕ್ಕೆ ತುದಿಗಾಲಲ್ಲಿ ಹಿಂದೆ ಸರಿಯುತ್ತಿದ್ದರು. ಆಮೇಲೆ ಹುಲ್ಲು ನೋಡಿಕೊಳ್ಳುತ್ತಿದ್ದ ಮುದುಕ ಬೆನ್ನುನೋವೆಂದು ಮನೆ ಸೇರಿದ. ಬೇರೆ ಯಾರೂ ಸಿಗದೆ, "ಹೊರಗಡೆನೂ ಸ್ವಲ್ಪ ನೋಡ್ಕೊಳ್ಳಮ್ಮ, ಎರಡು ವಾರದ ಮಟ್ಟಿಗೆ" ಎಂದರು. ಆ ಎರಡು ವಾರಕ್ಕೆ ಈಗ ಮತ್ತೆ ಹನ್ನೊಂದು ವರ್ಷ ತುಂಬಿದೆ.

ಹೀಗೆ ಗುಡಿಸುವವಳ ಕಣ್ಣು ಹೊತ್ತುಕೊಂಡೇ ಅವಳು ಹುಲ್ಲಿಗೆ ಇಳಿದಳು. ನೆಲ ಅಂದಮೇಲೆ ಚೊಕ್ಕವಾಗಿರಬೇಕು, ಅದು ಕಲ್ಲಿನದಾದರೇನು, ಹುಲ್ಲಿನದಾದರೇನು? ವಾರಕ್ಕೆರಡು ಸಲ ಮಷೀನು ಓಡಿಸಿ ಹುಲ್ಲನ್ನು ಒಂದೇ ಮಟ್ಟಕ್ಕೆ ತರುತ್ತಿದ್ದಳು. ಗೆರೆ ಸೊಟ್ಟಗಾದರೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಬಸ್ ಓಡಿಸಿ ನಿವೃತ್ತನಾದ ಗಂಡ ಅವಳನ್ನು ಕಿಚಾಯಿಸುತ್ತಿದ್ದ. "ಲೇ, ಮೊನ್ನೆ ನಾನು ಮಲಗಿದ್ದಾಗ ನನ್ನ ಮೀಸೆನೂ ಮಟ್ಟ ಮಾಡಿದ್ಯಾ ಹೇಗೆ?" ಎನ್ನುತ್ತಿದ್ದ. "ಮಾಡ್ಬೇಕಿತ್ತು ರೀ, ಎಡಗಡೆ ಸ್ವಲ್ಪ ಜಾಸ್ತಿ ಇದೆ" ಎಂದು ಅವಳು ನಗದೆಯೇ ಉತ್ತರ ಕೊಡುತ್ತಿದ್ದಳು.

ಮೂರು ವರ್ಷದ ಕೆಳಗೆ ಮೈದಾನಕ್ಕೆ ಕಳೆ ಹೊಕ್ಕಿತು. ಮೂರು ಎಲೆಯ, ಬಿಳಿ ಹೂವಿನ, ನೆಲಕ್ಕೆ ಅಂಟಿಕೊಂಡು ಹಬ್ಬುವ ಕಳೆ. ನೋಡಲು ಮುದ್ದಾಗಿದೆ, ಕಾಲಿಟ್ಟರೆ ಸೋಪಿನಂತೆ ಜಾರುತ್ತದೆ. ಹುಲ್ಲಿಗೆ ಏನೂ ಮಾಡದೆ ಅಗಲ ಎಲೆಯ ಕಳೆಯನ್ನಷ್ಟೇ ಕೊಲ್ಲುವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಚೊಕ್ಕಕ್ಕ ಬೆನ್ನಿಗೆ ಪಂಪು ಕಟ್ಟಿ ಅದನ್ನು ಹೊಡೆದಳು. ಕಳೆ ಒಂದಿಷ್ಟು ಬಾಡಿತು, ಹದಿನೈದು ದಿನಕ್ಕೆ ಮತ್ತೆ ತಲೆ ಎತ್ತಿತು. ಮರುವರ್ಷವೂ ಅದೇ ಕತೆ. ಔಷಧಿ ಅಂಗಡಿಯವನಿಗೆ ಹೇಳಿದರೆ, "ಡೋಸ್ ಏರಿಸಿ ಅಕ್ಕ" ಎಂದ. ಏರಿಸಿದಳು. ಕಳೆ ಹಾಗೇ ಉಳಿಯಿತು, ಒಂದು ಮೂಲೆಯಲ್ಲಿ ಹುಲ್ಲೇ ಸುಟ್ಟು ಕಂದುಬಣ್ಣಕ್ಕೆ ತಿರುಗಿತು. ಆ ಮೂಲೆಯ ಮುಂದೆ ಹಾದುಹೋಗುವಾಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಈ ವರ್ಷ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಕಳೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಸಂಘದ ಏಳು ಜನರ ಸಮಿತಿ ಸಭೆ ಸೇರಿತು. ಮರುದಿನ ಬೆಳಿಗ್ಗೆ ಚೊಕ್ಕಕ್ಕ ಅಧ್ಯಕ್ಷರ ಕೋಣೆಗೆ ಹೋದಾಗ ಬಾಗಿಲ ಬಳಿ ಹೊಸ ಹಸಿರು ಕಾಲೊರಸು ಕಂಡಿತು. ಅಂತೂ ಇವರಿಗೆ ಬುದ್ಧಿ ಬಂತು ಎಂದುಕೊಂಡು, ಎರಡೂ ಬೂಟನ್ನು ಅದರ ಮೇಲೆ ಚೆನ್ನಾಗಿ ತಿಕ್ಕಿ ಒಳಗೆ ಬಂದಳು.

"ಅಯ್ಯೋ, ಅದು ಸ್ಯಾಂಪಲ್ಲಮ್ಮ!" ಎಂದು ಅಧ್ಯಕ್ಷರು ಕುರ್ಚಿಯಿಂದಲೇ ಕೂಗಿದರು.

ಅದು ಪ್ಲಾಸ್ಟಿಕ್ ಹುಲ್ಲಿನ ತುಂಡು. ಕಂಪನಿಯವರು ತಂದಿಟ್ಟು ಹೋದದ್ದು. ಮೈದಾನದ ಹುಲ್ಲನ್ನೆಲ್ಲ ಕಿತ್ತು, ಮಣ್ಣು ತೆಗೆದು, ಜಲ್ಲಿ ತುಂಬಿ, ಮೇಲೆ ಇದನ್ನು ಹಾಸುವ ಯೋಚನೆ. ಮುಂದಿನ ತಿಂಗಳ ಮೊದಲ ಶನಿವಾರ ಸಮಿತಿಯವರು ಮೈದಾನಕ್ಕೆ ಬಂದು ನೋಡಿ, ಅಲ್ಲೇ ನಿಂತು ತೀರ್ಮಾನ ಮಾಡುವರಂತೆ.

"ಕಳೆ ಇಲ್ಲ, ನೀರು ಬೇಡ, ಕತ್ತರಿಸೋದೂ ಬೇಡ. ನಿಮಗೂ ಆರಾಮಲ್ವಾ? ನಿಮ್ಮನ್ನ ಮತ್ತೆ ಒಳಗಡೆ ಕೆಲಸಕ್ಕೆ ತಗೋತೀವಿ" ಎಂದರು ಅಧ್ಯಕ್ಷರು. ಅವರು ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆಂದೇ ಅವರ ಭಾವನೆ.

ಚೊಕ್ಕಕ್ಕ ಸ್ಯಾಂಪಲ್ಲನ್ನು ತುಳಿಯದೆ ದಾಟಿದಳು. ಹೊರಗೆ ಬಂದು ಮೈದಾನದ ನಡುವೆ ನಿಂತಳು. ಇಷ್ಟು ವರ್ಷ ಅವಳು ಹುಲ್ಲನ್ನು ಪ್ರೀತಿಸುತ್ತೇನೆಂದು ಅಂದುಕೊಂಡವಳೇ ಅಲ್ಲ, ಕೆಲಸ ಅಂದುಕೊಂಡಿದ್ದಳು. ಕಿತ್ತುಹಾಕುತ್ತಾರೆ ಎಂದು ಗೊತ್ತಾದ ಮೇಲೆ ಕೂತು ಅದರ ಮೇಲೆ ಅಂಗೈ ಆಡಿಸಿದಳು.

ಆ ಸಂಜೆ ಹುಡುಗಿಯರು ಆಡುತ್ತಿದ್ದಾಗ ಚೆಂಡು ಗೋಲಿನ ಬಲೆಯ ಹಿಂದೆ ಉರುಳಿತು. ತಂಡಕ್ಕೆ ಆಟ ಕಲಿಸುವ ಕೋಚ್ ಮೇಡಂ, "ಅಕ್ಕ, ಸ್ವಲ್ಪ ಆ ಚೆಂಡು ಎಸೀತೀರಾ?" ಎಂದಳು. ಚೊಕ್ಕಕ್ಕ ಬಗ್ಗಿದಳು, ಬಗ್ಗಿದವಳು ಏಳಲಿಲ್ಲ.

ಬಲೆಯ ಹಿಂದೆ, ಗೂಟಗಳ ನಡುವೆ ಮಷೀನು ಹೋಗದ ಒಂದು ಪಟ್ಟಿ ಇದೆ. ಅಲ್ಲಿ ಎಲ್ಲವೂ ಉದ್ದ ಬೆಳೆದು ಕೆದರಿಕೊಂಡಿರುತ್ತದೆ, ಅದು ಅವಳ ಹಳೆಯ ತಲೆನೋವು. ಐದು ವಾರದ ಹಿಂದೆ ಕಡೆಯ ಸಲ ಔಷಧಿ ಹೊಡೆದಾಗ ಆ ಪಟ್ಟಿಗೂ ಒಂದು ಕೈ ಹೊಡೆದಿದ್ದಳು. ಈಗ ಅಲ್ಲಿ ಕಳೆಯ ಸುಳಿವೇ ಇಲ್ಲ. ಒಣಗಿದ ಕಪ್ಪು ಬಳ್ಳಿಗಳು, ಅವುಗಳ ನಡುವೆ ನುಗ್ಗಿ ಬಂದ ಹೊಸ ಹುಲ್ಲು. ಒಂದು ಗೇಣು ಈಚೆಗೆ, ಮಷೀನು ಓಡಿದ ಕಡೆ, ಕಳೆ ದಟ್ಟವಾಗಿ ಹಾಯಾಗಿ ಮಲಗಿತ್ತು.

"ಅಕ್ಕ, ಚೆಂಡು!" ಎಂದಳು ಕೋಚ್ ಮೇಡಂ.

"ಇರಮ್ಮ, ಚೆಂಡು ಎಲ್ಲಿ ಹೋಗುತ್ತೆ" ಎಂದು ಗದರಿದಳು ಚೊಕ್ಕಕ್ಕ.

ಅವಳು ಇಡೀ ಮೈದಾನವನ್ನು ಕುಕ್ಕರುಗಾಲಲ್ಲಿ ಸುತ್ತಿದಳು. ಸೋರುವ ನಲ್ಲಿಯ ಸುತ್ತ ನೆಲ ಸದಾ ಹಸಿ. ಮಷೀನು ಹೂತುಕೊಳ್ಳುತ್ತದೆಂದು ಅಲ್ಲಿ ಕತ್ತರಿಸುವುದು ಅಪರೂಪ. ಅಲ್ಲಿಯೂ ಕಳೆ ಸತ್ತಿತ್ತು. ಆಟಗಾರರ ಕಾಲ್ತುಳಿತಕ್ಕೆ ಮಣ್ಣು ಕಲ್ಲಿನಂತಾದ ಗೋಲಿನ ಮುಂಭಾಗದಲ್ಲಿ ಮಾತ್ರ ಕಳೆಯ ಎಲೆ ಸಣ್ಣಗೆ, ದಪ್ಪಗೆ, ಮೇಣ ಸವರಿದ ಹಾಗಿತ್ತು. ನೀರಿನ ಹನಿ ಹಾಕಿ ನೋಡಿದಳು. ಹನಿ ಒಳಗಿಳಿಯದೆ ಜಾರಿಹೋಯಿತು. ಅದೇ ಔಷಧಿ, ಅದೇ ಪಂಪು, ಅದೇ ಕೈ. ಒಂದು ಕಡೆ ಸಾವು, ಇನ್ನೊಂದು ಕಡೆ ಸುಖವಾಸ. ಯಾಕೆ?

ಇದಕ್ಕೆ ಉತ್ತರ ಕ್ಯಾನಿನ ಮೇಲೆಯೇ ಇರಬೇಕಿತ್ತು. ಆದರೆ ಚೊಕ್ಕಕ್ಕನ ಕ್ಯಾನುಗಳ ಮೇಲೆ ಏನೂ ಇರಲಿಲ್ಲ. ಔಷಧಿ ಸೋರಿ ಲೇಬಲ್ಲು ನೆನೆದು ಜೋಲುತ್ತದೆ, ಅದು ಅಸಹ್ಯ. ಹೊಸ ಕ್ಯಾನು ಬಂದ ದಿನವೇ ಕೈಗವಸು ಹಾಕಿ ಲೇಬಲ್ಲನ್ನು ಕೆರೆದು, ತೊಳೆದು, ಒರೆಸಿ, ದಪ್ಪ ಅಕ್ಷರದಲ್ಲಿ 'ಕಳೆ ಔಷಧಿ, ಒಂದು ಪಂಪಿಗೆ ಎರಡು ಮುಚ್ಚಳ' ಎಂದು ಬರೆದು ಸಾಲಾಗಿ ಜೋಡಿಸಿಡುತ್ತಿದ್ದಳು. ಆ ಕಪಾಟನ್ನು ನೋಡಿದವರೆಲ್ಲ ಹೊಗಳುತ್ತಿದ್ದರು. ಮೂರು ವರ್ಷ ಹಾಗೆ ಚೊಕ್ಕ ಮಾಡಿ ಬಿಸಾಡಿದ್ದು ಏನನ್ನು ಎಂಬುದು ಆ ಕ್ಷಣ ಹೊಳೆದು, ಅವಳ ಕಿವಿ ಬಿಸಿಯಾಯಿತು.

ಮರುದಿನ ಗಂಡನನ್ನೂ ಅವನ ಕನ್ನಡಕವನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ಒಡೆಯದ ಕ್ಯಾನೊಂದನ್ನು ಬೆಳಕಿಗೆ ಹಿಡಿದು ಗಂಡ ಇರುವೆ ಸಾಲಿನಂಥ ಅಕ್ಷರಗಳನ್ನು ಓದತೊಡಗಿದ.

"ಹೊಡೆಯುವ ಮೂರು ದಿನ ಮುಂಚೆ, ಹೊಡೆದು ಮೂರು ದಿನದವರೆಗೆ ಕತ್ತರಿಸಬಾರದು. ಎಲೆ ಇದ್ದರೇನೇ ಔಷಧಿ ಬೇರಿಗೆ ಇಳಿಯೋದು, ಅಂತಿದೆ. ನೀನು ಯಾವಾಗ ಕತ್ತರಿಸ್ತಿದ್ದೆ?"

"ಮುಂದೆ ಓದಿ ನೀವು."

"ಮಣ್ಣು ಒಣಗಿದ್ದರೆ, ಗಿಡ ಬಾಯಾರಿದ್ದರೆ ಹಿಡಿಯಲ್ಲ. ಉರಿಬಿಸಿಲಲ್ಲಿ ಬೇಡ. ಎಲೆ ಮೇಲೆ ಇಬ್ಬನಿ ಇರುವಾಗ ಬೇಡ. ಗಾಳಿಯಲ್ಲಿ ಬೇಡ. ಹೊಡೆದ ಆರು ಗಂಟೆಯೊಳಗೆ ಮಳೆ ಬಂದರೆ ತೊಳೆದುಹೋಗುತ್ತೆ. ಅಬ್ಬಾ, ಮದುವೆ ಮನೆ ಬೀಗರಿಗೂ ಇಷ್ಟು ಉಪಚಾರ ಇರಲ್ಲ ಕಣೇ." ಕನ್ನಡಕ ಕೆಳಗಿಳಿಸಿ ಹೆಂಡತಿಯ ಮುಖ ನೋಡಿದ. "ಯಾವಾಗ ಕತ್ತರಿಸ್ತಿದ್ದೆ ಅಂತ ಕೇಳಿದೆ."

"ಹಿಂದಿನ ಸಂಜೆ" ಎಂದಳು ಸಣ್ಣ ದನಿಯಲ್ಲಿ. "ಚೊಕ್ಕವಾಗಿ ಕತ್ತರಿಸಿ, ನೀರು ನಿಲ್ಲಿಸಿ, ನೆಲ ಒಣಗಿಸಿ, ಮಾರನೇ ದಿನ ಹೊಡೀತಿದ್ದೆ."

ಗಂಡನಿಗೆ ನಗು ಉಕ್ಕಿ ಬಂದಿತ್ತು. ಅವಳ ಕಣ್ಣು ತುಂಬಿದ್ದು ನೋಡಿ ನುಂಗಿಕೊಂಡ. ಕಳೆ ಔಷಧಿ ಕುಡಿಯುವುದಕ್ಕೆ ಇದ್ದ ಬಾಯಿಯನ್ನೆಲ್ಲ ಅವಳೇ ಹಿಂದಿನ ದಿನ ಕತ್ತರಿಸಿ ಹಾಕುತ್ತಿದ್ದಳು. ಬೇರೆ ಯಾರಾದರೂ ಸೋಮಾರಿ ಈ ಕೆಲಸದಲ್ಲಿದ್ದಿದ್ದರೆ ಕಳೆ ಎಂದೋ ಸತ್ತಿರುತ್ತಿತ್ತು. ಈ ಮಾತನ್ನು ಗಂಡ ಬಾಯಿಬಿಟ್ಟು ಹೇಳಲಿಲ್ಲ, ಅದು ಅವನ ದೊಡ್ಡತನ.

ಲೆಕ್ಕ ಹಾಕಿದರು. ಸಮಿತಿ ಬರುವ ಶನಿವಾರಕ್ಕೆ ಎರಡು ವಾರ ಇತ್ತು. ಇವತ್ತಿನಿಂದ ಮಷೀನು ಮುಟ್ಟದೆ ಕಳೆಯ ಎಲೆ ಬೆಳೆಯಲು ಬಿಡುವುದು, ಗೋಲಿನ ಮುಂದಿನ ಗಟ್ಟಿ ಮಣ್ಣನ್ನು ಮುಳ್ಳುಗೋಲಿನಿಂದ ಚುಚ್ಚಿ ನೀರು ಇಳಿಯುವಂತೆ ಮಾಡುವುದು, ಆ ವಾರದ ಸೋಮವಾರ ಔಷಧಿ ಹೊಡೆಯುವುದು, ಶುಕ್ರವಾರ ಕತ್ತರಿಸುವುದು. ಶನಿವಾರ ಬಂದವರಿಗೆ ಅಚ್ಚುಕಟ್ಟಾದ ಮೈದಾನವೂ ಕಾಣುತ್ತದೆ, ಬಾಡಿದ ಕಳೆಯೂ ಕಾಣುತ್ತದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ನಾಲ್ಕನೆಯ ದಿನಕ್ಕೇ ಚೊಕ್ಕಕ್ಕನ ಕೈ ತುರಿಸತೊಡಗಿತು. ಮಷೀನಿನ ಬೀಗದ ಕೈಯನ್ನು ಗಂಡನಿಗೆ ಕೊಟ್ಟು, "ನಾನು ಎಷ್ಟು ಬೇಡಿದ್ರೂ ಕೊಡಬೇಡಿ" ಎಂದಳು. ಅದೇ ಸಂಜೆ ಬೇಡಿದಳು. ಅವನು ಕೊಡಲಿಲ್ಲ. ಎರಡು ದಿನ ಅವರಿಬ್ಬರಿಗೂ ಮಾತುಕತೆ ಇರಲಿಲ್ಲ. ಬೆಳಿಗ್ಗೆ ವಾಕಿಂಗಿಗೆ ಬರುವವರು ನಿಂತು ನಿಂತು ನೋಡಿದರು. "ಚೊಕ್ಕಕ್ಕಂಗೆ ಮೈ ಹುಷಾರಿಲ್ವಂತೆ" ಎಂದು ಒಬ್ಬರು, "ಇನ್ನೇನು ಪ್ಲಾಸ್ಟಿಕ್ ಬರುತ್ತಲ್ಲ, ಕೈ ಬಿಟ್ಟಿದ್ದಾಳೆ" ಎಂದು ಇನ್ನೊಬ್ಬರು. ಅದು ಅವಳ ಕಿವಿಗೂ ಬಿತ್ತು. ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಸೋಮವಾರ ಬಂತು. ಬೆಳಿಗ್ಗೆಯಿಂದಲೇ ಗಾಳಿ. ಮೂಲೆಯ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಂಥ ಗಾಳಿಯಲ್ಲಿ ಹೊಡೆದರೆ ಔಷಧಿ ಕಳೆಗಿಂತ ಮುಂಚೆ ಬೇಲಿಯಾಚೆಯ ಮನೆಗಳ ಹೂಗಿಡ ಸೇರುತ್ತದೆ. ಪಂಪು ಕಟ್ಟಿ, ಬಿಚ್ಚಿದಳು. ಮಂಗಳವಾರ ಮಳೆ. ಬುಧವಾರವೂ ಮಳೆ, ಅದೂ ಹಿಡಿದ ಹಠ ಬಿಡದ ಮಳೆ. ಉಪಕರಣಗಳ ಕೋಣೆಯ ಬಾಗಿಲಲ್ಲಿ ಕುಳಿತು ಅವಳು ಆಕಾಶಕ್ಕೆ ಬಾಯಿಗೆ ಬಂದಂತೆ ಬೈದಳು. ಮನೆಯಲ್ಲಿ ಯಾರೂ ಕೇಳಿರದ ಬೈಗುಳಗಳು ಅವು.

ಗುರುವಾರ ಬೆಳಿಗ್ಗೆ ಮೋಡ ಹರಿದು, ಗಾಳಿ ಸತ್ತು, ತೆಳುಬಿಸಿಲು ಬಿದ್ದಿತು. ಎರಡು ದಿನದ ಮಳೆ ಕುಡಿದ ಕಳೆ ಅಗಲವಾಗಿ, ಮೆದುವಾಗಿ, ಎಲೆ ಬಿಚ್ಚಿ ನಿಂತಿತ್ತು. ಗೋಲಿನ ಮುಂದೆ ಮಣ್ಣು ಬೆರಳಿಗೆ ಬಗ್ಗುತ್ತಿತ್ತು. ಮೂರು ವರ್ಷದಲ್ಲಿ ಔಷಧಿಗೆ ಇಷ್ಟು ಹದವಾದ ದಿನವನ್ನು ಅವಳು ಕಂಡಿರಲಿಲ್ಲ. ತಾನು ಬೈದ ಮಳೆಯೇ ತನ್ನ ಕೆಲಸದ ಅರ್ಧವನ್ನು ಮಾಡಿಕೊಟ್ಟಿತ್ತು.

ಆದರೆ ಇವತ್ತು ಹೊಡೆದರೆ ಭಾನುವಾರದವರೆಗೆ ಕತ್ತರಿಸುವಂತಿಲ್ಲ. ಶನಿವಾರ ಸಮಿತಿಯವರು ಬರುವಾಗ ಮೈದಾನ ಹಾಸಿಗೆಯಿಂದ ಈಗ ಎದ್ದವರ ತಲೆಯಂತಿರುತ್ತದೆ. ಕಳೆಯೂ ಇನ್ನೂ ಸತ್ತಿರುವುದಿಲ್ಲ. ಹೊಡೆಯದೆ ಇವತ್ತೇ ಕತ್ತರಿಸಿದರೆ ಶನಿವಾರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಕಳೆ ನಗುತ್ತಾ ಇರುತ್ತದೆ. ಅವಳು ಅಧ್ಯಕ್ಷರಿಗೆ ಫೋನು ಮಾಡಿ ಒಂದು ವಾರ ಮುಂದೆ ಹಾಕಲು ಕೇಳಿಕೊಂಡಳು. "ಕಂಪನಿಯವರು ಅವತ್ತೇ ಬರೋದಮ್ಮ, ಆಗಲ್ಲ" ಎಂದರು.

ಕೋಚ್ ಮೇಡಂ ಪಕ್ಕದಲ್ಲೇ ಇದ್ದಳು. "ಅಕ್ಕ, ಕತ್ತರಿಸಿಬಿಡಿ. ಅವರು ನೋಡೋದು ಮೇಲ್ಗಡೆ ಮಾತ್ರ. ಮೈದಾನ ಉಳಿದರೆ ಆಮೇಲೆ ನಿಧಾನವಾಗಿ ಕಳೆ ನೋಡ್ಕೋಬಹುದು."

ಮಾತೇನೋ ಸರಿಯಾಗಿಯೇ ಇತ್ತು. ಜೊತೆಗೆ ಬಂದಿದ್ದ ಗಂಡ ಜೇಬಿನಿಂದ ಬೀಗದ ಕೈ ತೆಗೆದು ಚಾಚಿಯೂ ಆಗಿತ್ತು. ಚೊಕ್ಕಕ್ಕ ಅದನ್ನು ತೆಗೆದುಕೊಂಡಳು, ಒಂದು ಗಳಿಗೆ ಮುಷ್ಟಿಯಲ್ಲಿ ಹಿಡಿದಳು, ಮತ್ತೆ ಅವನ ಜೇಬಿಗೇ ಹಾಕಿದಳು.

"ಮೂರು ವರ್ಷ ಮೇಲ್ಗಡೆ ಚೆಂದ ಮಾಡಿದ್ದೇ ಸಾಕು" ಎಂದಳು. "ಮಕ್ಕಳನ್ನ ಇವತ್ತು ನಾಳೆ ಹೊರಗಿನ ರಸ್ತೆಲಿ ಓಡಿಸು, ಇಲ್ಲಿ ಹಗ್ಗ ಕಟ್ತೀನಿ."

ಇಬ್ಬನಿ ಆರುವವರೆಗೆ ಕಾದು ಒಂಬತ್ತಕ್ಕೆ ಶುರುಮಾಡಿದಳು. ಮುಖಕ್ಕೆ ಮಾಸ್ಕು, ಕೈಗೆ ಗವಸು, ಲೇಬಲ್ಲಿನಲ್ಲಿ ಹೇಳಿದಷ್ಟೇ ಡೋಸು, ಒಂದು ಹನಿ ಹೆಚ್ಚಿಲ್ಲ. ಒಂದೇ ನಡಿಗೆ, ಒಂದೇ ಎತ್ತರ. ಬಿಸಿಲು ಚುರುಕಾಗುವ ಮೊದಲು, ಹತ್ತೂಮುಕ್ಕಾಲಿಗೆ ಕೊನೆಯ ಸಾಲು ಮುಗಿಯಿತು. ಆಮೇಲೆ ಮಾಡುವುದೇನೂ ಇರಲಿಲ್ಲ. ಗಂಡಹೆಂಡಿರಿಬ್ಬರೂ ಬೆಂಚಿನ ಮೇಲೆ ಕುಳಿತು ಗಡಿಯಾರವನ್ನೂ ಮೋಡವನ್ನೂ ಕಾದರು. ಮೂರು ಗಂಟೆಗೆ ಪಡುವಣ ಕಪ್ಪಾಯಿತು. ನಾಲ್ಕಕ್ಕೆ ತಣ್ಣನೆ ಗಾಳಿ ಬಂತು. ಐದೂಕಾಲಿಗೆ ಮೊದಲ ಹನಿ ಅವಳ ಕೈ ಮೇಲೆ ಬಿದ್ದಿತು.

"ಆರೂವರೆ ಗಂಟೆ ಆಯ್ತು ಕಣೇ!" ಎಂದು ಗಂಡ ಬೆಂಚಿನಿಂದ ಜಿಗಿದ. ಅರವತ್ತೆರಡು ವರ್ಷದ ಮನುಷ್ಯ ಮಳೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದನ್ನು ನೋಡಿ ಅವಳಿಗೆ ಹತ್ತು ದಿನದ ಮೇಲೆ ಮೊದಲ ಸಲ ನಗು ಬಂತು.

ಶನಿವಾರ ಹತ್ತು ಗಂಟೆಗೆ ಸಮಿತಿಯ ಏಳು ಜನ, ಜೊತೆಗೆ ಟೈ ಕಟ್ಟಿದ ಪ್ಲಾಸ್ಟಿಕ್ ಹುಲ್ಲಿನ ಕಂಪನಿಯವನು ಬಂದರು. ಮೈದಾನ ನೋಡಿ ಅಧ್ಯಕ್ಷರು ಗೇಟಿನಲ್ಲೇ ನಿಂತುಬಿಟ್ಟರು. "ಇದೇನಮ್ಮ ಇದು? ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ" ಎಂದರು. ಕಂಪನಿಯವನು ಮುಗುಳ್ನಕ್ಕ. ಮಾತಾಡುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಚೊಕ್ಕಕ್ಕ ಮುಂದೆ ಬಂದಳು. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಇಷ್ಟೇ.

"ಸಾರ್, ತಪ್ಪು ಹುಲ್ಲಿಂದಲ್ಲ, ಮಣ್ಣಿಂದಲ್ಲ, ಔಷಧಿದೂ ಅಲ್ಲ. ತಪ್ಪು ನಂದು. ಮೂರು ವರ್ಷದಿಂದ ಹಿಂದಿನ ದಿನ ಕತ್ತರಿಸಿ, ಒಣಗಿಸಿ, ಆಮೇಲೆ ಔಷಧಿ ಹೊಡೀತಿದ್ದೆ. ಹಾಗೆ ಹೊಡೆದರೆ ಯಾವ ಕಳೆನೂ ಸಾಯಲ್ಲ. ಆ ಮಗು ಜಾರಿ ಬಿದ್ದಿದ್ದೂ ನನ್ನಿಂದಾನೇ."

ಇಪ್ಪತ್ತೆರಡು ವರ್ಷ ಒಂದು ಕಲೆ ಬಿಡದೆ ಒರೆಸಿದವಳು ತನ್ನ ಮೇಲೆ ತಾನೇ ಕೆಸರು ಎರಚಿಕೊಂಡು ನಿಂತಿದ್ದಳು.

"ಒಪ್ಪಿಕೊಂಡ್ರಲ್ಲ, ಸಂತೋಷ" ಎಂದರು ಅಧ್ಯಕ್ಷರು ಬೇಸರದಿಂದ. "ಆದ್ರೆ ಅದರಿಂದ ಈಗೇನಾಯ್ತು? ಕಳೆ ಇನ್ನೂ ಹಸಿರಾಗೇ ಇದೆಯಲ್ಲಮ್ಮ."

"ನಿಂತು ನೋಡಿದ್ರೆ ಹಸಿರೇ ಸಾರ್. ಸ್ವಲ್ಪ ಕೂತು ನೋಡಿ."

ಸಮಿತಿಯ ಹಿರಿಯ ಹೆಂಗಸೊಬ್ಬರು, ಒಂದು ಕಾಲದಲ್ಲಿ ತಾವೂ ಓಟಗಾರ್ತಿಯಾಗಿದ್ದವರು, ಕೈಚೀಲ ಪಕ್ಕಕ್ಕಿಟ್ಟು ಮೊಣಕಾಲೂರಿದರು. ಕಳೆಯ ಬಳ್ಳಿ ಒಂದೊಂದೂ ಹಗ್ಗ ಹುರಿಗೊಳಿಸಿದಂತೆ ತಿರುಚಿಕೊಂಡಿತ್ತು. ಎಲೆಗಳು ಒಳಕ್ಕೆ ಮಡಚಿ ಬೆನ್ನು ತೋರಿಸುತ್ತಿದ್ದವು. ಅವರು ಒಂದನ್ನು ಮೆಲ್ಲಗೆ ಎಳೆದರು. ಜಗ್ಗಾಡದೆ ಸುಲಭವಾಗಿ ಬಂತು.

"ಇದು ಎರಡೇ ದಿನಕ್ಕೆ ಹೀಗಾಗಿದ್ದಾ?" ಎಂದು ಕೇಳಿದರು.

"ಹೌದಮ್ಮ. ಎರಡು ವಾರಕ್ಕೆ ಕಪ್ಪಾಗುತ್ತೆ. ಏಳು ವಾರಕ್ಕೆ ಹೇಗಿರುತ್ತೆ ಅಂದ್ರೆ ಬನ್ನಿ, ತೋರಿಸ್ತೀನಿ."

ಬಲೆಯ ಹಿಂದಿನ ಪಟ್ಟಿಗೆ ಕರೆದೊಯ್ದಳು. ಕಳೆ ಸತ್ತ ಜಾಗದಲ್ಲಿ ಹುಲ್ಲು ಒತ್ತೊತ್ತಾಗಿ ಹೆಣೆದುಕೊಂಡಿತ್ತು. ಒಬ್ಬೊಬ್ಬರಾಗಿ ಬಗ್ಗಿದರು. ಒಬ್ಬರು ಮಣ್ಣು ಮುಟ್ಟಿ ನೋಡಿದರು. ಇನ್ನೊಬ್ಬರು ಪ್ರಶ್ನೆ ಕೇಳಿದರು. ಕತ್ತರಿಸದೆ ಎಷ್ಟು ದಿನ ಬಿಟ್ಟಿರಿ, ಮಳೆ ಬೇಗ ಬಂದಿದ್ದರೆ ಏನಾಗುತ್ತಿತ್ತು, ಇಲ್ಲಿ ಮಣ್ಣು ಯಾಕೆ ಗಟ್ಟಿ, ಅಲ್ಲಿ ಯಾಕೆ ಮೆದು. ಮಾತು ಬಾರದೆಂದುಕೊಂಡಿದ್ದ ಚೊಕ್ಕಕ್ಕ ಮುಕ್ಕಾಲು ಗಂಟೆ ಮಾತಾಡಿದಳು. ಕಂಪನಿಯವನು ಎರಡು ಸಲ ಕೆಮ್ಮಿ, ಮೂರನೆಯ ಸಲ ಫೋನು ನೋಡಿಕೊಂಡು ಕಾರಿನ ಕಡೆ ಹೋದ.

ಕೊನೆಗೆ ಅಧ್ಯಕ್ಷರೂ ಪ್ಯಾಂಟು ಮೇಲೆಳೆದು ಮೊಣಕಾಲೂರಿದರು. ತಿರುಚಿದ ಬಳ್ಳಿಯೊಂದನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಮಾತು ಹೇಳಿ. ಕತ್ತರಿಸಿ ಇಟ್ಟಿದ್ರೆ ನಮಗೇನೂ ಗೊತ್ತಾಗ್ತಿರಲಿಲ್ಲ. ಯಾಕೆ ಹಾಗೆ ಮಾಡಲಿಲ್ಲ?"

"ನಿಮಗೆ ಗೊತ್ತಾಗ್ತಿರಲಿಲ್ಲ ಸಾರ್. ಕಳೆಗೆ ಗೊತ್ತಾಗ್ತಿತ್ತು."

ಅಧ್ಯಕ್ಷರು ಹಿರಿಯ ಹೆಂಗಸಿನ ಕಡೆ ನೋಡಿದರು. ಅವರು ತಲೆಯಾಡಿಸಿದರು. ಉಳಿದವರೂ ತಲೆಯಾಡಿಸಿದರು. ಏಳು ಜನ ಹುಲ್ಲಿನ ಮೇಲೆ ಕುಕ್ಕರಿಸಿಕೊಂಡೇ ತೀರ್ಮಾನ ಮಾಡಿದರು. ಹುಲ್ಲು ಕೀಳುವುದಿಲ್ಲ, ಮೈದಾನ ಅವಳ ಕೈಯಲ್ಲೇ ಇರುತ್ತದೆ. ಸಂಘದ ಇನ್ನೆರಡು ಮೈದಾನಗಳಲ್ಲಿ ಹುಲ್ಲು ನೋಡಿಕೊಳ್ಳುವವರನ್ನೂ ಮುಂದಿನ ವಾರ ಇವಳ ಹತ್ತಿರ ಕಲಿಯಲು ಕಳಿಸಬೇಕು.

"ಯಾವತ್ತು ಕಳಿಸಲಿ, ಹೇಳಿ" ಎಂದರು ಅಧ್ಯಕ್ಷರು, ಏಳಲು ಅವಳ ಕೈ ಆಸರೆ ಕೇಳುತ್ತಾ. ಅವರ ಎರಡೂ ಮೊಣಕಾಲಿನ ಮೇಲೆ ಹಸಿ ಮಣ್ಣಿನ ದುಂಡು ಗುರುತು ಮೂಡಿತ್ತು. ಚೊಕ್ಕಕ್ಕ ಅದನ್ನು ನೋಡಿದಳು. ಹಾಗೇ ಬಿಟ್ಟಳು.

"ಗಾಳಿ ಇಲ್ಲದ ದಿನ ನೋಡಿ ಹೇಳ್ತೀನಿ ಸಾರ್" ಎಂದಳು.